ಸಮುದಾಯ ಭವನ ಕೆಡವುವ ಠರಾವಿಗೆ ಕೈ ಎತ್ತುವ ಮುನ್ನ

ನಿವೃತ್ತ ಮೇಷ್ಟ್ರು, 2ನೇ ಅಡ್ಡರಸ್ತೆ:
ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಸಮುದಾಯ ಭವನವನ್ನು ಕೆಡವಿ ಮೂರಂತಸ್ತಿನ ಹೊಸ ಕಟ್ಟಡ ಕಟ್ಟುವ ಠರಾವು ಮುಂದಿನ ಭಾನುವಾರದ ಸಭೆಗೆ ಬರಲಿದೆ. ಸೂಚನಾ ಪತ್ರದಲ್ಲಿ ಕೊಟ್ಟಿರುವ ಕಾರಣ ಒಂದೇ: "ಕಟ್ಟಡ ಶಿಥಿಲಗೊಂಡಿದೆ." ಯಾರು ಪರೀಕ್ಷಿಸಿದರು, ಯಾವ ಭಾಗ ಶಿಥಿಲ, ದುರಸ್ತಿ ಮಾಡಿದರೆ ಎಷ್ಟಾಗುತ್ತದೆ ಎಂಬುದರ ಸುದ್ದಿಯೇ ಇಲ್ಲ. ಹೊಸ ಕಟ್ಟಡದ ಬಣ್ಣದ ಚಿತ್ರ ಮಾತ್ರ ಲಗತ್ತಾಗಿದೆ. ಕೋಲಾರದ ಬೇಸಿಗೆಯನ್ನು ಕಂಡವರು ಯಾರೂ ಬಿಡಿಸಲಾರದಷ್ಟು ಹಸಿರು ಹುಲ್ಲು ಆ ಚಿತ್ರದಲ್ಲಿದೆ.

ಹೊಸಬರಿಗಾಗಿ ಹೇಳುತ್ತೇನೆ: ಭವನ ಎರಡು ಕಾಲದ್ದು. ಮುಂದಿನ ಹಜಾರಕ್ಕೆ ಸೈಜುಗಲ್ಲಿನ ಗೋಡೆ, ಕಲ್ಲಿನ ಕಂಬ ಮತ್ತು ತೊಲೆ, ಮೇಲೆ ಚಪ್ಪಡಿ. ಹಿಂದಿನ ಅಡುಗೆಮನೆ ಮತ್ತು ಅಂಗನವಾಡಿ ಕೋಣೆ ಆಮೇಲೆ ಸೇರಿದವು. ಅವಕ್ಕೆ ಕಾಂಕ್ರೀಟ್ ತಾರಸಿ. ಚಕ್ಕೆ ಉದುರುತ್ತಿರುವುದು ಹಿಂದಿನ ಭಾಗದಲ್ಲಿ. ಮೊದಲು ಪರೀಕ್ಷೆ ಮಾಡಿಸಿ, ದುರಸ್ತಿಯ ಅಂದಾಜು ಮತ್ತು ಹೊಸ ಕಟ್ಟಡದ ಅಂದಾಜು ಎರಡನ್ನೂ ಪಕ್ಕಪಕ್ಕ ಇಟ್ಟು, ಆಮೇಲೆ ಮತಕ್ಕೆ ಹಾಕಲಿ. ನನ್ನ ಒಲವು ದುರಸ್ತಿಯ ಕಡೆಗೆ ಎಂಬುದನ್ನು ಮುಚ್ಚಿಡುವುದಿಲ್ಲ.

ಅಂಗನವಾಡಿ ಮಗುವಿನ ತಾಯಿ, 4ನೇ ಅಡ್ಡರಸ್ತೆ:
ಮೇಷ್ಟ್ರೇ, ನಿಮ್ಮ ಮೇಲೆ ಗೌರವವಿದೆ. ಆದರೆ ನನ್ನ ಮಗಳು ಕೂರುವುದು ಆ ಕೋಣೆಯಲ್ಲೇ. ಕಳೆದ ಮಳೆಗಾಲದಲ್ಲಿ ಅಂಗೈಯಗಲದ ಚಕ್ಕೆ ಬಿದ್ದಿತ್ತು; ಅಂದು ರಜೆ ಇದ್ದುದರಿಂದ ಬಚಾವು. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ನಾಲ್ವರು ಸತ್ತರು. ಉಳಿಸಬೇಕೋ ಕೆಡವಬೇಕೋ ಎಂದು ನಾವು ಇಲ್ಲಿ ಮಾತನಾಡುತ್ತಾ ಕೂತರೆ ತಾರಸಿ ಕಾಯುತ್ತದೆಯೇ?

ನಿವೃತ್ತ ಎಂಜಿನಿಯರ್, 1ನೇ ಮುಖ್ಯರಸ್ತೆ:
ಅಮ್ಮ, ನೀವು ಹೇಳಿದ್ದು ಸರಿ. ಆ ಕೋಣೆಯನ್ನು ನಾಳೆಯೇ ಖಾಲಿ ಮಾಡಿಸಬೇಕು, ಅದಕ್ಕೆ ಸಭೆಯೂ ಬೇಡ ಠರಾವೂ ಬೇಡ. ನಮ್ಮ ಮನೆಯ ಕೆಳಭಾಗದ ಬಾಡಿಗೆದಾರರು ಬಿಟ್ಟುಹೋಗಿದ್ದಾರೆ. ಪರೀಕ್ಷೆ ಮುಗಿಯುವವರೆಗೆ ಅಂಗನವಾಡಿ ಅಲ್ಲಿ ನಡೆಯಲಿ. ಕಾರ್ಯಕರ್ತೆಯವರು ಒಪ್ಪಿದರೆ ಬೀಗದ ಕೈ ಕೊಡುತ್ತೇನೆ.

ಇನ್ನು ತಾರಸಿಯ ವಿಷಯ. ಕಾಂಕ್ರೀಟಿನ ಕ್ಷಾರಗುಣವೇ ಒಳಗಿನ ಕಂಬಿಯನ್ನು ತುಕ್ಕಿನಿಂದ ಕಾಯುವುದು. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ವರ್ಷಗಟ್ಟಲೆ ಒಳಗಿಳಿಯುತ್ತಾ ಆ ಗುಣವನ್ನು ಕುಂದಿಸುತ್ತದೆ. ಜೊತೆಗೆ ನೀರೂ ಇಳಿದರೆ ಕಂಬಿ ತುಕ್ಕು ಹಿಡಿದು ಉಬ್ಬುತ್ತದೆ, ಉಬ್ಬಿದ ಕಂಬಿ ಕೆಳಗಿನ ಪದರವನ್ನು ಒಡೆದು ಬೀಳಿಸುತ್ತದೆ. ತಾರಸಿಯ ಕಂಬಿಯ ಕೆಳಗೆ ಸಾಮಾನ್ಯವಾಗಿ 20 ಮಿಲಿಮೀಟರ್ ಕಾಂಕ್ರೀಟ್ ಹೊದಿಕೆ ಇಡುತ್ತಾರೆ. ಅಲ್ಲಿ ಬಿದ್ದ ಚಕ್ಕೆಯ ದಪ್ಪ ಅದರ ಅರ್ಧವೂ ಇರಲಿಲ್ಲ. ಅಂದರೆ ಕಟ್ಟಿದ ದಿನವೇ ಈ ಕಾಯಿಲೆ ಅಂಟಿತ್ತು. ಮೇಲೆ ನೀರು ಹೋಗುವ ಕೊಳವೆ ಕಟ್ಟಿಕೊಂಡಿದೆ, ಪಕ್ಕದ ಮೋಟುಗೋಡೆಯಲ್ಲಿ ಅರಳಿ ಸಸಿ ಬೇರು ಬಿಟ್ಟಿದೆ. ಅದನ್ನು ಕೀಳಲು ಯಾರಿಗೂ ಮನಸ್ಸು ಬರಲಿಲ್ಲ, ಪೂಜೆ ಮಾಡಲು ಮಾತ್ರ ಬಂತು.

ಪರೀಕ್ಷೆ ದೊಡ್ಡ ವಿದ್ಯೆಯೇನಲ್ಲ. ಹೊಸದಾಗಿ ಒಡೆದ ಜಾಗಕ್ಕೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದರೆ ಕ್ಷಾರ ಉಳಿದ ಕಾಂಕ್ರೀಟ್ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಕ್ಷಾರ ಕಳೆದುಕೊಂಡ ಭಾಗ ಹಾಗೆಯೇ ಇರುತ್ತದೆ. ಮೇಲ್ಮೈಯ ಗಟ್ಟಿತನಕ್ಕೆ ರಿಬೌಂಡ್ ಹ್ಯಾಮರ್ ಇದೆ, ಒಳಗಿನ ಬಿರುಕು ಮತ್ತು ಟೊಳ್ಳಿಗೆ ಅಲ್ಟ್ರಾಸಾನಿಕ್ ಪರೀಕ್ಷೆ ಇದೆ. ಕಂಬಿ ಹೆಚ್ಚು ಸವೆದಿಲ್ಲದಿದ್ದರೆ ಸಡಿಲವಾದದ್ದನ್ನು ಕೆತ್ತಿ, ತುಕ್ಕು ತೆಗೆದು, ಬೇಕಾದ ಕಡೆ ಹೊಸ ಕಂಬಿ ಕಟ್ಟಿ ಮೈಕ್ರೋ ಕಾಂಕ್ರೀಟ್ (ದುರಸ್ತಿಗೆಂದೇ ಇರುವ ನುಣುಪಾದ ಕಾಂಕ್ರೀಟ್) ತುಂಬಬಹುದು. ತುಂಬಾ ಸವೆದಿದ್ದರೆ ಆ ತಾರಸಿಯೊಂದನ್ನೇ ತೆಗೆದು ಹೊಸದಾಗಿ ಹಾಕಬೇಕು. ಅದಕ್ಕಾಗಿ ಮುಂದಿನ ಕಲ್ಲಿನ ಹಜಾರವನ್ನೂ ಉರುಳಿಸುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ.

ಮೇಸ್ತ್ರಿ, 6ನೇ ಅಡ್ಡರಸ್ತೆ:
ಸಾಹೇಬರ ಮಾತಿಗೆ ಒಂದು ಸೇರಿಸುತ್ತೇನೆ. ಹಜಾರ ಸೋರುವುದು ಚಪ್ಪಡಿಗಳ ಸಂದಿನಲ್ಲಿ. ಪ್ರತಿ ಬಾರಿ ಸೋರಿದಾಗಲೂ ಮೇಲೊಂದು ಪದರ ಸಿಮೆಂಟ್ ಸುರಿದಿದ್ದಾರೆ. ಭಾರ ಏರಿತು, ಸೋರಿಕೆ ನಿಲ್ಲಲಿಲ್ಲ. ಆ ಪದರಗಳನ್ನು ಕೈಯಿಂದ ಕೆತ್ತಿ ತೆಗೆಯಬೇಕು, ಯಂತ್ರ ಬಿಟ್ಟರೆ ಚಪ್ಪಡಿ ಸೀಳುತ್ತದೆ. ಸಂದು ತೊಳೆದು ಗಾರೆ ತುಂಬಿ, ನೀರು ಹರಿಯುವಂತೆ ಇಳಿಜಾರು ಕೊಟ್ಟರೆ ಮುಗಿಯಿತು.

ಗೋಡೆಯದು ಬೇರೆ ಕಥೆ. ಒಳಗಿನ ಗಾರೆ ಸುಣ್ಣದ್ದು. ತೇವ ಹೀರುತ್ತದೆ, ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಗಿಲಾವು ಬಳಿದು ತೇವದ ದಾರಿ ಮುಚ್ಚಿದ್ದಾರೆ. ಅದಕ್ಕೇ ಬುಡದಲ್ಲಿ ಉಪ್ಪು ಹೊಮ್ಮಿ ಬಣ್ಣ ಉದುರುವುದು. ಸಿಮೆಂಟ್ ತೆಗೆದು ಸುಣ್ಣದ ಗಿಲಾವನ್ನೇ ಮಾಡಬೇಕು. ಬೆಲ್ಲ, ಅಳಲೆಕಾಯಿ ನೀರು ಹಾಕಿ ಸುಣ್ಣ ಅರೆಯುವ ಕೈಗಳು ಈಗ ಕಡಿಮೆ. ಕೂಲಿ ಜಾಸ್ತಿ, ಒಣಗುವುದೂ ನಿಧಾನ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನ ಮೇಲೆ ರೇಗಬೇಡಿ.

ಸಂಘದ ಪದಾಧಿಕಾರಿ:
ಎಲ್ಲರೂ ಕಲ್ಲಿನ ಗುಣಗಾನ ಮಾಡುತ್ತಿದ್ದೀರಿ, ಸಂಘದ ಖಾತೆಯನ್ನೂ ಒಮ್ಮೆ ನೋಡಿ. ಹೊಸ ಕಟ್ಟಡದ ಕೆಳಗೆ ಅಂಗಡಿ ಬಂದರೆ ಬಾಡಿಗೆ ಬರುತ್ತದೆ. ಹಳೆಯದಕ್ಕೆ ಸುರಿದ ಹಣ ಹೋದದ್ದೇ.

ವಕೀಲರು, 3ನೇ ಅಡ್ಡರಸ್ತೆ:
ಅಣ್ಣ, ಹಳೆಯ ಭವನ ಹೆಚ್ಚುಕಡಿಮೆ ನಿವೇಶನದ ಅಂಚಿಗೇ ನಿಂತಿದೆ. ಕೆಡವಿದ ಮೇಲೆ ಇಂದಿನ ನಿಯಮದಂತೆ ಸುತ್ತ ಜಾಗ ಬಿಡಬೇಕು, ವಾಹನ ನಿಲುಗಡೆಗೂ ಕೊಡಬೇಕು. ಉಳಿದದ್ದರಲ್ಲಿ ಹಜಾರ ಎಷ್ಟು, ಅಂಗಡಿ ಎಷ್ಟು ಎಂಬ ಲೆಕ್ಕ ಆ ಬಣ್ಣದ ಚಿತ್ರದಲ್ಲಿ ಕಾಣಲಿಲ್ಲ. ನಕ್ಷೆಗೆ ಮಂಜೂರಾತಿ ಸಿಗುವ ಮೊದಲೇ ಕೆಡವಿದರೆ ಇದ್ದದ್ದೂ ಹೋಗುತ್ತದೆ.

ಗೃಹಿಣಿ, 5ನೇ ಅಡ್ಡರಸ್ತೆ:
ನನಗೆ ಕಲ್ಲಾದರೇನು, ಕಾಂಕ್ರೀಟಾದರೇನು! ನಮ್ಮ ಅತ್ತೆಯವರಿಗೆ ಆ ಎತ್ತರದ ಮೆಟ್ಟಿಲು ಹತ್ತಲು ಆಗುವುದಿಲ್ಲ. ಶೌಚಾಲಯ ಹೊರಗಿದೆ, ದೀಪವಿಲ್ಲ. ನಾಮಕರಣಕ್ಕೆ ಬಂದ ನೆಂಟರು ಪಕ್ಕದ ಮನೆಯ ಬಾಗಿಲು ತಟ್ಟುತ್ತಾರೆ. ನಿಮ್ಮ ದುರಸ್ತಿ ಎಂದರೆ ಸೋರಿಕೆ ನಿಲ್ಲಿಸಿ ಸುಣ್ಣ ಬಳಿಯುವುದಷ್ಟೇ ಆದರೆ, ನನ್ನ ಕೈ ಕೆಡವುವ ಕಡೆಗೇ ಏಳುತ್ತದೆ.

ವಾಸ್ತುಶಿಲ್ಪ ವಿದ್ಯಾರ್ಥಿನಿ, 2ನೇ ಅಡ್ಡರಸ್ತೆ:
ಆಂಟಿ, ನವೀಕರಣ ಎಂದರೆ ನೀವು ಕೇಳುತ್ತಿರುವುದೇ. ಫ್ರಾನ್ಸಿನ ಬೋರ್ಡೋ ನಗರದಲ್ಲಿ ಮೂರು ಹಳೆಯ ವಸತಿ ಕಟ್ಟಡಗಳ 530 ಮನೆಗಳನ್ನು ಕೆಡವದೆ, ಹೊರಗಿನಿಂದ ಗಾಜಿನ ಮುಂಗೋಣೆ ಮತ್ತು ಹೊಸ ಲಿಫ್ಟ್ ಸೇರಿಸಿದರು. ಕೆಲಸ ನಡೆಯುವಾಗಲೂ ಜನ ಅಲ್ಲಿಯೇ ವಾಸವಿದ್ದರು. ಅದನ್ನು ಮಾಡಿದವರಲ್ಲಿ ಆನ್ ಲಕಾಟನ್ ಮತ್ತು ಜಾನ್ ಫಿಲಿಪ್ ವಸಾಲ್ ಮುಖ್ಯರು. ಅವರಿಗೆ 2021ರಲ್ಲಿ ವಾಸ್ತುಶಿಲ್ಪಿಗಳಿಗೆ ಸಿಗುವ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ನಮ್ಮಲ್ಲಿ ಪಕ್ಕದ ಬಾಗಿಲಿಗೆ ಇಳಿಜಾರು ದಾರಿ, ಅಡುಗೆಮನೆಗೆ ಹೊಂದಿಕೊಂಡು ಎರಡು ಶೌಚಾಲಯ ಸೇರಿಸಲು ಜಾಗವಿದೆ. ಅಳತೆ ತೆಗೆದುಕೊಂಡು ರೇಖಾಚಿತ್ರ ಬರೆದು ತರುತ್ತೇನೆ.

ಸಂಘದ ಪದಾಧಿಕಾರಿ:
ಬೋರ್ಡೋದ ಸರ್ಕಾರ ಕೊಟ್ಟ ಹಣವನ್ನು ನಮಗೆ ಯಾರು ಕೊಡುತ್ತಾರಮ್ಮ?

ಹಾಲಿನ ಅಂಗಡಿಯವರು, ಮುಖ್ಯರಸ್ತೆ:
ಹಣ ಬಿಡಿ, ನೀರು ಎಲ್ಲಿಂದ ತರುತ್ತೀರಿ? ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ನಮ್ಮದು. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ 2018ರಿಂದ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ, ಅಷ್ಟು ಬರ. ಮೂರು ಅಂತಸ್ತಿನ ಹೊಸ ಕಾಂಕ್ರೀಟಿಗೆ ಪ್ರತಿ ಹಂತದಲ್ಲೂ ಕನಿಷ್ಠ ಒಂದು ವಾರ ನೀರುಣಿಸಬೇಕು. ಬೇಸಿಗೆಯಲ್ಲಿ ನಮ್ಮ ಬೀದಿಗೇ ಟ್ಯಾಂಕರ್ ಬರುವುದು ತಡವಾಗುತ್ತದೆ.

ಎಲೆಕ್ಟ್ರಿಷಿಯನ್, 6ನೇ ಅಡ್ಡರಸ್ತೆ:
ಕೆಡವಿದ ಮಣ್ಣು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲವಲ್ಲ. ನಮ್ಮ ಬೀದಿಯ ಮನೆಯೊಂದರದ್ದು ರಾತ್ರೋರಾತ್ರಿ ರಾಜಕಾಲುವೆಯ ಅಂಚಿಗೆ ಹೋಯಿತು, ಮೊದಲ ಮಳೆಗೇ ನೀರು ನಮ್ಮ ಹೊಸಿಲಿಗೆ ಬಂತು.

ವಕೀಲರು, 3ನೇ ಅಡ್ಡರಸ್ತೆ:
ಒಳ್ಳೆಯ ಪ್ರಶ್ನೆ ತಮ್ಮ. ಕಟ್ಟಡ ತ್ಯಾಜ್ಯದ 2016ರ ನಿಯಮಗಳಲ್ಲೇ ಚರಂಡಿಗೆ, ರಸ್ತೆಗೆ ಸುರಿಯಬಾರದೆಂದು ಹೇಳಿತ್ತು. ದಿನಕ್ಕೆ 20 ಟನ್ ಅಥವಾ ತಿಂಗಳಿಗೆ 300 ಟನ್ ಮೀರಿದರೆ ಬೇರ್ಪಡಿಸಿ, ವಿಲೇವಾರಿ ಯೋಜನೆಗೆ ಒಪ್ಪಿಗೆ ಪಡೆಯಬೇಕಿತ್ತು. ಕಲ್ಲಿನ ಹಜಾರ ಉರುಳಿಸಿದರೆ ಒಂದು ದಿನಕ್ಕೆ 20 ಟನ್ ದಾಟುವುದು ಕಷ್ಟವಲ್ಲ. ಅಂದಾಜು ಪಟ್ಟಿಯಲ್ಲಿ ಈ ಸಾಗಣೆಯ ಖರ್ಚೂ ಇರಲಿ.

ನಿವೃತ್ತ ಎಂಜಿನಿಯರ್, 1ನೇ ಮುಖ್ಯರಸ್ತೆ:
ಇನ್ನೊಂದು ಸಂಗತಿ. ಸಿಮೆಂಟ್ ತಯಾರಿಸಲು ಸುಣ್ಣದಕಲ್ಲನ್ನು ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು. ಉರಿಸುವ ಇಂಧನದಿಂದಷ್ಟೇ ಅಲ್ಲ, ಆ ಕಲ್ಲಿನಿಂದಲೂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಜಗತ್ತು ಹೊರಸೂಸುವ ಒಟ್ಟು ಇಂಗಾಲದ ಡೈಆಕ್ಸೈಡ್‌ನಲ್ಲಿ ಸಿಮೆಂಟಿನ ಪಾಲು ಸುಮಾರು ಶೇ. 7ರಿಂದ 8. ನಿಂತಿರುವ ಗೋಡೆಗೆ ಆ ಖರ್ಚು ಮತ್ತೆ ಬೀಳುವುದಿಲ್ಲ.

ನಿವೃತ್ತ ಮೇಷ್ಟ್ರು, 2ನೇ ಅಡ್ಡರಸ್ತೆ:
ಹಾಗಾದರೆ ತಿದ್ದುಪಡಿಯನ್ನು ಹೀಗೆ ಬರೆಯುತ್ತೇನೆ: "ಸ್ವತಂತ್ರ ರಚನಾ ಎಂಜಿನಿಯರ್ ವರದಿ ಬರುವವರೆಗೆ ಕೆಡವುವ ನಿರ್ಧಾರ ಮುಂದೂಡುವುದು. ಇಳಿಜಾರು ದಾರಿ ಮತ್ತು ಶೌಚಾಲಯ ಸೇರಿದ ನವೀಕರಣದ ಅಂದಾಜನ್ನು, ಸಾಗಣೆ ಮತ್ತು ನೀರಿನ ಖರ್ಚು ಸೇರಿದ ಹೊಸ ಕಟ್ಟಡದ ಅಂದಾಜಿನೊಂದಿಗೆ ಸಭೆಯ ಮುಂದಿಡುವುದು." ವರದಿ ಬರೆಯುವವರಿಗೂ ಕಟ್ಟುವ ಗುತ್ತಿಗೆದಾರರಿಗೂ ಸಂಬಂಧ ಇರಕೂಡದು. ವರದಿಯ ಶುಲ್ಕಕ್ಕೆ ಮನೆಗೊಂದಿಷ್ಟು ಎಂದು ಎತ್ತೋಣ. ಸಹಿಗೆ ಸಂಜೆ ಮನೆಮನೆಗೆ ಬರುತ್ತೇನೆ. ಊರಿನಲ್ಲಿಲ್ಲದವರು ಇಲ್ಲಿಯೇ ತಿಳಿಸಿ.

ಅಂಗನವಾಡಿ ಮಗುವಿನ ತಾಯಿ, 4ನೇ ಅಡ್ಡರಸ್ತೆ:
ನಾನು ಸಹಿ ಹಾಕುತ್ತೇನೆ, ಒಂದು ಷರತ್ತು. ವರದಿಗೆ ದಿನಾಂಕ ಹಾಕಿ. ಮಳೆಗಾಲಕ್ಕೆ ಮುಂಚೆ ಬರದಿದ್ದರೆ ಹಿಂದಿನ ತಾರಸಿಯನ್ನು ಇಳಿಸಿಯೇಬಿಡಬೇಕು ಎಂದೂ ಸೇರಿಸಿ.

ನಿವೃತ್ತ ಮೇಷ್ಟ್ರು, 2ನೇ ಅಡ್ಡರಸ್ತೆ:
ಸೇರಿಸಿದೆನಮ್ಮ. ಮೇ ತಿಂಗಳ ಕೊನೆ ಎಂದು ಬರೆದಿದ್ದೇನೆ.

ಸಂಘದ ಪದಾಧಿಕಾರಿ:
ತಿದ್ದುಪಡಿಯನ್ನು ಬುಧವಾರದೊಳಗೆ ಸಹಿಗಳ ಸಮೇತ ಕೊಡಿ, ಕಾರ್ಯಸೂಚಿಗೆ ಹಾಕುತ್ತೇನೆ. ಅಂಗಡಿಯ ಪ್ರಸ್ತಾಪವನ್ನು ನಾನು ಕೈಬಿಟ್ಟಿಲ್ಲ, ಸಭೆಯಲ್ಲಿ ಮಾತನಾಡುತ್ತೇನೆ. ಮೇಸ್ತ್ರಿ, ನಾಳೆ ಬೆಳಿಗ್ಗೆ ಬಂದು ಆ ಕೊಳವೆಯನ್ನಾದರೂ ಬಿಡಿಸಿಕೊಡಿ, ಕೂಲಿ ಸಂಘದ್ದೇ.