ಅಜ್ಜಿಯ ಸೋಮವಾರ ಶಿವನದಾ, ಶಾಸ್ತ್ರಿಗಳದಾ?

ಮಂಡ್ಯದ ಮೊಮ್ಮಗ:
ನಮ್ಮಜ್ಜಿ ಸೋಮವಾರ ರಾತ್ರಿ ಊಟ ಮಾಡುವುದಿಲ್ಲ. ಶಿವನ ಒಪ್ಪೊತ್ತು ಅಂತಲೇ ನಾವೆಲ್ಲ ತಿಳಿದಿದ್ದೆವು. ಮೊನ್ನೆ ಕೇಳಿದರೆ, "ಯಾವ ಶಿವ್ನೂ ಅಲ್ಲ ಕಣ್ ಮಗ, ಶಾಸ್ತ್ರಿಗಳು ಬಿಡಿ ಅಂದ್ರು, ಬಿಟ್ಟೆ" ಅಂದರು. ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ನಿಜವಾಗಲೂ ಹೀಗೆ ಹೇಳಿದ್ದರಾ? ಗಡಿಯಲ್ಲಿ ಯುದ್ಧ ಆದರೆ ನಮ್ಮೂರ ಒಲೆ ಯಾಕೆ ಆರಬೇಕಿತ್ತು?

ಹಳೇ ರೇಡಿಯೋ, ಮೈಸೂರು:
ಹೌದು, ಹೇಳಿದ್ದರು. 1965. ಸೆಪ್ಟೆಂಬರ್‌ನಲ್ಲಿ ಪಾಕಿಸ್ತಾನದ ಜೊತೆ ಯುದ್ಧ, ಅದೇ ವರ್ಷ ಮಳೆಯೂ ಕೈಕೊಟ್ಟಿತ್ತು. ಅಮೆರಿಕದಿಂದ ಪಿಎಲ್-480 ಅನ್ನುವ ಅವರ ಆಹಾರ ನೆರವಿನ ಕಾನೂನಿನಡಿ ಗೋಧಿ ಬರುತ್ತಿತ್ತು ನಿಜ, ಆದರೆ ಅವರು ಅದನ್ನು ಕೈ ಬಿಗಿ ಹಿಡಿದು ಸ್ವಲ್ಪ ಸ್ವಲ್ಪವೇ ಕಳಿಸುತ್ತಿದ್ದರು, ಬೇರೆಯವರ ಹಡಗಿಗೆ ಕಾಯುತ್ತಾ ಕೂತು ಯುದ್ಧ ಮಾಡಲಾಗುತ್ತಾ? ಅದಕ್ಕೇ ಶಾಸ್ತ್ರಿಗಳು ವಾರಕ್ಕೆ ಒಂದು ಹೊತ್ತು ಬಿಡಿ ಅಂದರು. ಮೊದಲು ತಮ್ಮ ಮನೆಯಲ್ಲೇ ಮಾಡಿ ನೋಡಿದ್ದರಂತೆ. ಎಷ್ಟೋ ಹೋಟೆಲ್‌ಗಳು ಸೋಮವಾರ ಸಂಜೆ ಬಾಗಿಲು ಹಾಕುತ್ತಿದ್ದವು. 'ಜೈ ಜವಾನ್ ಜೈ ಕಿಸಾನ್' ಕೂಡ ಆಗಿನದೇ.

ನಾಗಮಂಗಲದವನು:
ಎಲ್ಲ ಸರಿ ಗುರು, ಆದ್ರೆ ಇದು ಮೂರು ಹೊತ್ತು ಉಣ್ಣುವವರ ಕಥೆ. ನಮ್ಮ ಕಡೆ ಆಗ ಮಳೆ ನಂಬಿದ ಹೊಲ, ಕಟ್ಟೆ ನೀರಿರಲಿಲ್ಲ, ಕಾಲುವೆ ಇರಲಿಲ್ಲ. ರಾಗಿ ಆಗದ ವರ್ಷ ಯಾರೂ ಭಾಷಣ ಮಾಡದೆಯೇ ಒಂದು ಹೊತ್ತು ಬಿಡುತ್ತಿದ್ದೆವು ಅಂತ ನಮ್ಮ ತಾತ ನಗುತ್ತಿದ್ದರು.

ಸರಸ್ವತಿಪುರಂ ಸುಬ್ಬಿ:
ಅಜ್ಜಿ ಭಾಷಣವನ್ನೇ ಕೇಳಿದ್ದರಾ, ಇಲ್ಲ ಸುದ್ದಿಯನ್ನಾ? ಈ ವಿಷಯದಲ್ಲಿ ನೆನಪು ಭಾರೀ ಆಟ ಆಡಿಸುತ್ತದೆ. ಇಂಗ್ಲೆಂಡಿನ ಪ್ರಧಾನಿ ಚರ್ಚಿಲ್ ಎರಡನೇ ಮಹಾಯುದ್ಧದಲ್ಲಿ, 1940ರ ಜೂನ್ 4ರಂದು ಮಾಡಿದ 'ಕಡಲ ದಂಡೆಯಲ್ಲೂ ಹೋರಾಡುತ್ತೇವೆ' ಅನ್ನುವ ಹೆಸರಾಂತ ಭಾಷಣ ಪಾರ್ಲಿಮೆಂಟಿನ ಒಳಗೆ ಆಗಿದ್ದು. ಅವತ್ತು ರಾತ್ರಿ ರೇಡಿಯೋದಲ್ಲಿ ವಾರ್ತೆ ಓದುವವರು ಅದರ ತುಣುಕು ಓದಿದರು ಅಷ್ಟೇ. ಚರ್ಚಿಲ್‌ರದೇ ದನಿಯಲ್ಲಿ ರೆಕಾರ್ಡ್ ಆಗಿದ್ದು 1949ರಲ್ಲಿ. ಆದರೂ ಅವತ್ತೇ ಕಿವಿಯಾರೆ ಕೇಳಿದೆವು ಅಂತ ಆಣೆ ಇಡುವ ಇಂಗ್ಲೆಂಡಿನ ಅಜ್ಜ ಅಜ್ಜಿಯರಿಗೆ ಲೆಕ್ಕವಿಲ್ಲ. ಅಲ್ಲಿನ ರೇಷನ್ ಮಾತ್ರ ಯಾರೂ ತಪ್ಪು ಹೇಳಲ್ಲ ನೋಡಿ, 1940ರಲ್ಲಿ ಶುರುವಾಗಿದ್ದು ಪೂರ್ತಿ ಮುಗಿದಿದ್ದು 1954ಕ್ಕೆ, ಅಂದರೆ ಯುದ್ಧ ನಿಂತ ಮೇಲೂ ಒಂಬತ್ತು ವರ್ಷ.

ಮಂಡ್ಯದ ಮೊಮ್ಮಗ:
ಕೇಳಿದೆ. ಮನೆಯಲ್ಲಿ ರೇಡಿಯೋನೇ ಇರಲಿಲ್ಲವಂತೆ, ಹಿಂದಿ ಮೊದಲೇ ಬರಲ್ಲ. ಸ್ಕೂಲ್ ಮೇಷ್ಟ್ರು ಪೇಪರ್ ಓದಿ ಜಗಲಿ ಮೇಲೆ ಹೇಳಿದ್ದಂತೆ. ಮಕ್ಕಳೂ ಉಪವಾಸನಾ ಅಂದೆ. "ಒಲೆ ಹಚ್ಚಬ್ಯಾಡಿ ಅಂದ್ರು, ಹಚ್ಚಲಿಲ್ಲ. ಮಧ್ಯಾಹ್ನದ ಮುದ್ದೆ ಮಜ್ಜಿಗೆಗೆ ಕಿವುಚಿ ಕೊಡ್ತಿದ್ದೆ, ಅದ್ಯಾಕೆ ಮೇಷ್ಟ್ರಿಗೆ ಹೇಳ್ಬೇಕು" ಅಂದರು.