ತಮ್ಮನಿಗೆ ಸ್ಕಿಜೋಫ್ರೇನಿಯಾ ಇದೆ, ಈಗ ಎಕ್ಸ್‌ಎಕ್ಸ್‌ವೈ ಅಂತ ರಿಪೋರ್ಟ್ ಬಂದಿದೆ. ಎರಡಕ್ಕೂ ಸಂಬಂಧ ಇದೆಯಾ?

ಬೆಟಗೇರಿ ಅಕ್ಕ:
ನಮ್ಮದು ಗದಗ-ಬೆಟಗೇರಿ. ತಮ್ಮನಿಗೆ 27 ವರ್ಷ. ಪ್ರಿಂಟಿಂಗ್ ಪ್ರೆಸ್‌ನಲ್ಲಿ ಬೈಂಡಿಂಗ್ ಮಾಡುತ್ತಿದ್ದ. ನಾಲ್ಕು ವರ್ಷದ ಹಿಂದೆ, ಮಷೀನು ಬಂದ್ ಆದ ಮೇಲೂ ಅದರೊಳಗಿಂದ ಯಾರೋ ತನ್ನ ಹೆಸರು ಹಿಡಿದು ಕರೆಯುತ್ತಾರೆ ಅನ್ನಲು ಶುರು ಮಾಡಿದ. ಧಾರವಾಡಕ್ಕೆ ಕರೆದುಕೊಂಡು ಹೋದೆವು. ರಿಸ್ಪೆರಿಡೋನ್ ಗುಳಿಗೆಯಿಂದ ಆ ದನಿಗಳು ಬಹಳ ಕಡಿಮೆಯಾಗಿವೆ.

ಅವನ ಎದೆ ಸ್ವಲ್ಪ ಉಬ್ಬಿದೆ. ಒಬ್ಬ ಡಾಕ್ಟರು ನೋಡಿ, 'ಗುಳಿಗೆಯಿಂದ ಹಾಗಾಗುತ್ತೆ' ಎಂದು ಸುಮ್ನೆ ಕಳಿಸಿಬಿಟ್ಟರು. ಆದರೆ ಅವನು ಹತ್ತನೇ ಕ್ಲಾಸಿನಿಂದಲೇ ಬಿಸಿಲಲ್ಲೂ ಅಂಗಿಯೊಳಗೆ ಎರಡು ಬನಿಯನ್ ಹಾಕುತ್ತಿದ್ದ. ಹುಡುಗರ ಜೊತೆ ಬಾವಿಗೆ ಈಜಲು ಹೋಗುತ್ತಿರಲಿಲ್ಲ. ಆಗ ಗುಳಿಗೆ ಎಲ್ಲಿತ್ತು? ಇದನ್ನು ಮೊನ್ನೆ ಇನ್ನೊಬ್ಬ ಡಾಕ್ಟರ್ ಹತ್ರ ಹೇಳಿದೆ. ಅವರು ಅವನ ಎತ್ತರ, ಉದ್ದ ಕಾಲು ನೋಡಿ ಕ್ರೋಮೋಸೋಮ್ ಪರೀಕ್ಷೆ ಬರೆದರು. 47, ಎಕ್ಸ್‌ಎಕ್ಸ್‌ವೈ ಎಂದು ಬಂದಿದೆ.

ತಲೆಯ ಕಾಯಿಲೆ ಇದರಿಂದಲೇ ಬಂತಾ? ಬಸುರಿಯಿದ್ದಾಗ ಗ್ರಹಣದ ದಿನ ಹೊರಗೆ ಬಂದಿದ್ದೆ, ಅದಕ್ಕೇ ಹೀಗಾಯಿತು ಎಂದು ಅವ್ವ ಎರಡು ದಿನದಿಂದ ಊಟ ಬಿಟ್ಟಿದ್ದಾಳೆ.

ಹುಬ್ಬಳ್ಳಿ ಲ್ಯಾಬ್:
ನಾನು ಇದೇ ಪರೀಕ್ಷೆ ಮಾಡುವವನು. ಮೊದಲು ಅವ್ವನಿಗೆ ಊಟ ಮಾಡಿಸಿ. ಗ್ರಹಣಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲ.

ತೋಳಿನಿಂದ ತೆಗೆದ ರಕ್ತದ ಬಿಳಿ ಕಣಗಳನ್ನು ಸುಮಾರು ಮೂರು ದಿನ ಬೆಳೆಸುತ್ತೇವೆ. ಅವು ಒಡೆದು ಎರಡಾಗುವ ಹೊತ್ತಿಗೆ ಔಷಧ ಹಾಕಿ ನಿಲ್ಲಿಸಿ, ಬಣ್ಣ ಹಚ್ಚಿ, ಒಳಗಿನ ಕ್ರೋಮೋಸೋಮ್‌ಗಳನ್ನು, ಅಂದರೆ ಜೀನ್‌ಗಳನ್ನು ಹೊತ್ತ ಎಳೆಗಳನ್ನು, ಒಂದೊಂದೇ ಎಣಿಸುತ್ತೇವೆ. ನಿಮ್ಮ ತಮ್ಮನಂಥವರಲ್ಲಿ 46 ಇರಬೇಕಾದಲ್ಲಿ 47 ಸಿಗುತ್ತದೆ. ಗಂಡಸರಿಗೆ ಸಾಮಾನ್ಯವಾಗಿ ಒಂದು ಎಕ್ಸ್, ಒಂದು ವೈ ಇರುತ್ತದೆ; ಇವರಿಗೆ ಎಕ್ಸ್ ಎರಡಿರುತ್ತವೆ. ಅಂಡಾಣು ಅಥವಾ ವೀರ್ಯಾಣು ತಯಾರಾಗುವಾಗ ಒಂದು ಜೋಡಿ ಬಿಡಿಸಿಕೊಳ್ಳದೆ ಹಾಗೇ ಉಳಿದಿರುತ್ತದೆ. ಜಾಸ್ತಿಯಾದ ಆ ಎಕ್ಸ್ ಹೆಚ್ಚುಕಮ್ಮಿ ಅರ್ಧದಷ್ಟು ಜನರಲ್ಲಿ ಅಪ್ಪನ ಕಡೆಯಿಂದಲೇ ಬಂದಿರುತ್ತದೆ. ಇದರಲ್ಲಿ ಯಾರ ತಪ್ಪೂ ಇಲ್ಲ.

ಇದಕ್ಕೆ ಕ್ಲೈನ್‌ಫೆಲ್ಟರ್ ಸಿಂಡ್ರೋಮ್ ಅನ್ನುತ್ತಾರೆ. ಹ್ಯಾರಿ ಕ್ಲೈನ್‌ಫೆಲ್ಟರ್ 1942ರಲ್ಲಿ ಲಕ್ಷಣಗಳನ್ನು ಬರೆದಿಟ್ಟರು. ಕಾರಣ ಹೆಚ್ಚುವರಿ ಎಕ್ಸ್ ಎಂದು 1959ರಲ್ಲಿ ಪೆಟ್ರೀಷಿಯಾ ಜೇಕಬ್ಸ್ ಮತ್ತು ಜಾನ್ ಸ್ಟ್ರಾಂಗ್ ತೋರಿಸಿದರು. ಸುಮಾರು 600 ಗಂಡಸರಲ್ಲಿ ಒಬ್ಬರಿಗೆ ಇದು ಇರುತ್ತದೆ. ಬಹಳಷ್ಟು ಜನರಿಗೆ ಕೊನೆತನಕ ಗೊತ್ತೇ ಆಗುವುದಿಲ್ಲ.

ಮನೋವೈದ್ಯೆ, ಧಾರವಾಡ:
ಅಕ್ಕ, ಸಂಬಂಧ ಇದೆ. ಆದರೆ 'ಇದರಿಂದಲೇ' ಅನ್ನಲು ಬರುವುದಿಲ್ಲ. ಸ್ಕಿಜೋಫ್ರೇನಿಯಾ ಜೀವನದಲ್ಲಿ ಹೆಚ್ಚುಕಮ್ಮಿ 100ರಲ್ಲಿ ಒಬ್ಬರಿಗೆ ಬರುತ್ತದೆ. ಎಕ್ಸ್‌ಎಕ್ಸ್‌ವೈ ಇದ್ದವರಲ್ಲಿ ಇದು ಹಲವು ಪಟ್ಟು ಜಾಸ್ತಿ. ಸ್ವೀಡನ್ನಿನ ದಾಖಲೆಗಳಲ್ಲಿ ಸುಮಾರು ನಾಲ್ಕು ಪಟ್ಟು ಕಂಡಿದೆ. ಹಾಗಿದ್ದರೂ ಬಹುತೇಕರಿಗೆ ಬರುವುದಿಲ್ಲ. ಮಿದುಳಿನ ಕೆಲಸದ ಬಹಳ ಜೀನ್‌ಗಳು ಎಕ್ಸ್‌ನಲ್ಲಿವೆ. ಹೆಚ್ಚುವರಿ ಎಕ್ಸ್ ಅನ್ನು ದೇಹ ಮುಚ್ಚಿಟ್ಟರೂ ಕೆಲವು ಜೀನ್‌ಗಳು ತಪ್ಪಿಸಿಕೊಂಡು ಕೆಲಸ ಮಾಡುತ್ತಲೇ ಇರುತ್ತವೆ.

ನಿಮ್ಮ ಬನಿಯನ್ ಮಾತು ನನಗೆ ಬಹಳ ಮುಖ್ಯ. ಎಕ್ಸ್‌ಎಕ್ಸ್‌ವೈ ಇದ್ದರೆ ಎದೆ ಉಬ್ಬಬಹುದು. ರಿಸ್ಪೆರಿಡೋನ್ ಪ್ರೊಲ್ಯಾಕ್ಟಿನ್ ಎಂಬ, ಎದೆಹಾಲಿಗೆ ಸಂಬಂಧಿಸಿದ ಹಾರ್ಮೋನನ್ನು ಏರಿಸುತ್ತದೆ, ಅದರಿಂದಲೂ ಎದೆ ಉಬ್ಬಬಹುದು. ಹಾಗಾಗಿ ಒಂದರ ಹಿಂದೆ ಇನ್ನೊಂದು ಅಡಗಿಬಿಡುತ್ತದೆ. ಪ್ರೊಲ್ಯಾಕ್ಟಿನ್ ಮತ್ತು ಗಂಡಸರ ಹಾರ್ಮೋನ್ ಆದ ಟೆಸ್ಟೋಸ್ಟಿರೋನ್, ಎರಡನ್ನೂ ನೋಡಿಸಿ. ಟೆಸ್ಟೋಸ್ಟಿರೋನ್ ಕಡಿಮೆಯಿದ್ದರೂ ಪ್ರೊಲ್ಯಾಕ್ಟಿನ್ ಹೆಚ್ಚಿದ್ದರೂ ಮೂಳೆ ಸವೆಯುತ್ತದೆ. ಅವನಿಗೆ ಎರಡೂ ಇರಬಹುದು, ಮೂಳೆ ಸ್ಕ್ಯಾನ್ ಬಗ್ಗೆಯೂ ಕೇಳಿ. ಟೆಸ್ಟೋಸ್ಟಿರೋನ್ ಇಂಜೆಕ್ಷನ್ ಶುರು ಮಾಡುವುದಾದರೆ ಮನೋವೈದ್ಯರಿಗೆ ತಿಳಿಸದೆ ಬೇಡ. ಮತ್ತೆ, ರಿಸ್ಪೆರಿಡೋನನ್ನು ನೀವಾಗಿ ನಿಲ್ಲಿಸಬೇಡಿ. ದನಿಗಳು ವಾಪಸ್ ಬರಬಹುದು.

ರಾಣೆಬೆನ್ನೂರಿನ ಅಪ್ಪ:
ನನ್ನ ಮಗಳಿಗೆ ಮೂರು ಎಕ್ಸ್. ಮಾತು ತಡವಾಗಿ ಬಂತು, ಮಗ್ಗಿ ಕಲಿಸಲು ಸಾಕುಬೇಕಾಯಿತು. ಅವಳು ಹತ್ತು ವರ್ಷದವಳಿದ್ದಾಗ ಈ ನಾಲ್ಕು ಪಟ್ಟಿನಂಥ ಮಾತು ಓದಿ ರಾತ್ರಿಯೆಲ್ಲ ಅವಳ ಮುಖವನ್ನೇ ನೋಡುತ್ತಾ ಕೂತಿದ್ದೆ. ಈಗ ಬಿ.ಕಾಂ. ಕೊನೆಯ ವರ್ಷ. ಅಂಗಡಿಯ ಲೆಕ್ಕ ಅವಳದೇ. ನಿಮ್ಮ ತಮ್ಮ ಶಾಲೆಯಲ್ಲಿ ಓದಲು ಒದ್ದಾಡುತ್ತಿದ್ದನಾ? ದಡ್ಡ ಅಂತ ಹೊಡೆದಿದ್ದರೆ ಅವನಿಗೆ ಇದನ್ನು ಬಿಡಿಸಿ ಹೇಳಿ, ಅವನಿಗೆ ಬಹಳ ಹಗುರಾಗುತ್ತದೆ.

ಬೆಟಗೇರಿ ಅಕ್ಕ:
ಹೌದು, ಓದಲು ಬಹಳ ಕಷ್ಟಪಡುತ್ತಿದ್ದ. ನಾನೇ ಹೊಡೆದಿದ್ದೇನೆ, ಸ್ಕೇಲಿನಿಂದ. ನಿನ್ನೆ ರಾತ್ರಿ ಅವನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಂಗಾರ ಬನಿಯನ್ನಿಗೂ ಕಾರಣ ಇತ್ತಲ್ಲ ಅಕ್ಕ' ಅಂದ. ಆಮೇಲೆ ರಿಪೋರ್ಟಿನ ಫೋಟೋದಲ್ಲಿ ಆ ಎರಡು ಎಕ್ಸ್ ಎಲ್ಲಿವೆ ತೋರಿಸು ಎಂದ.

ಅಪ್ಪನ ಕಡೆಯಿಂದಲೂ ಬಂದಿರಬಹುದು ಎಂದು ಓದಿ ಹೇಳಿದ ಮೇಲೆ ಅವ್ವ ಅರ್ಧ ರೊಟ್ಟಿ ತಿಂದಳು. ಗುರುವಾರ ಮೊದಲ ಬಸ್ಸಿಗೆ ಧಾರವಾಡಕ್ಕೆ ಹೊರಟಿದ್ದೇವೆ. ಮೂರೂ ಪರೀಕ್ಷೆಯ ಹೆಸರನ್ನು ತಮ್ಮನೇ ತನ್ನ ಕೈಯಿಂದ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದಾನೆ.