ರಾಮತ್ ಗಾನ್‌ನ ಹಕೋವಾ ನಿಜವಾಗಿಯೂ ಎರಡು ಬಾರಿ ಇಸ್ರೇಲ್‌ನ ಚಾಂಪಿಯನ್ ಆಗಿತ್ತೇ?

ಪ್ರಶ್ನೆ: ಕರಾವಳಿಯವನು

ಎಲ್ಲರಿಗೂ ನಮಸ್ಕಾರ. ನಾನು ಉಡುಪಿ ಕಡೆಯವನು. ಟೆಲ್ ಅವೀವ್‌ಗೆ ತಾಗಿಕೊಂಡೇ ಇರುವ ರಾಮತ್ ಗಾನ್‌ನಲ್ಲಿ ಹಿರಿಯರೊಬ್ಬರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಅಜ್ಜನವರ ಕುಟುಂಬ ಮೂಲತಃ ವಿಯೆನ್ನಾದ್ದು. ಈ ಊರಿನ ಹಕೋವಾ ಎಂಬ ಫುಟ್‌ಬಾಲ್ ಕ್ಲಬ್ ತಮ್ಮ ಮನೆತನದ್ದೇ ಎಂಬಂತೆ ಅವರು ಮಾತನಾಡುತ್ತಾರೆ. 1965ರಲ್ಲಿಯೂ 1973ರಲ್ಲಿಯೂ ಅದು ದೇಶದ ಚಾಂಪಿಯನ್ ಆಗಿತ್ತೆಂದು, ಅದಕ್ಕೂ ಮೊದಲು ವಿಯೆನ್ನಾದಲ್ಲಿದ್ದಾಗ ಇಂಗ್ಲೆಂಡಿನ ತಂಡವನ್ನು ಇಂಗ್ಲೆಂಡಿನಲ್ಲಿಯೇ ಸೋಲಿಸಿತ್ತೆಂದು ಹೇಳುತ್ತಾರೆ. ಆದರೆ ಅವರ ಮೊಮ್ಮಗ ನಗುತ್ತಾ, ಆ ಪ್ರಶಸ್ತಿಗಳು ‘ಲಿಗಾ ಲೆಯುಮಿತ್’ನವು, ಲೆಯುಮಿತ್ ಎಂದರೆ ಎರಡನೇ ವಿಭಾಗ, ಅಜ್ಜ ಸುಮ್ಮನೆ ದೊಡ್ಡದು ಮಾಡುತ್ತಾರೆ ಎನ್ನುತ್ತಾನೆ. ಇಬ್ಬರಲ್ಲಿ ಯಾರ ಮಾತು ಸರಿ? ಹಾಗೆಯೇ, ಚಾಂಪಿಯನ್ ಆಗಿದ್ದ ಕ್ಲಬ್ ಕೆಳ ವಿಭಾಗಗಳಿಗೆ ಇಳಿದದ್ದು ಹೇಗೆ ಎಂಬುದನ್ನೂ ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ 1: ಅಂಕಪಟ್ಟಿ

ಪ್ರಶಸ್ತಿಯ ವಿಷಯದಲ್ಲಿ ಅಜ್ಜನವರ ಮಾತೇ ಸರಿ. ಮೊಮ್ಮಗ ಇಂದಿನ ಹೆಸರನ್ನು ಅಂದಿನ ಲೀಗಿಗೆ ಹಚ್ಚಿದ್ದಾನೆ. ಹೀಬ್ರೂವಿನಲ್ಲಿ ‘ಲೆಯುಮಿತ್’ ಎಂದರೆ ‘ರಾಷ್ಟ್ರೀಯ’ ಎಂದರ್ಥ. 1950ರ ದಶಕದ ನಡುವಿನಿಂದ 1999ರವರೆಗೆ ಅದು ದೇಶದ ಅತ್ಯುನ್ನತ ವಿಭಾಗದ ಹೆಸರಾಗಿತ್ತು. 1999ರಲ್ಲಿ ಅದರ ಮೇಲೆ ‘ಲಿಗತ್ ಹಅಲ್’ ಎಂಬ ಹೊಸ ವಿಭಾಗವನ್ನು ಸ್ಥಾಪಿಸಿದಾಗ, ಲೆಯುಮಿತ್ ಎಂಬ ಹೆಸರು ಒಂದು ಮೆಟ್ಟಿಲು ಕೆಳಗಿಳಿದು ಎರಡನೆಯ ವಿಭಾಗಕ್ಕೆ ಅಂಟಿಕೊಂಡಿತು. ಅಲ್ಲಿಯವರೆಗೆ ಎರಡನೆಯದಾಗಿದ್ದ ‘ಅರ್ತ್ಸಿತ್’ ಮೂರನೆಯದಾಗಿ, 2009ರಲ್ಲಿ ಪೂರ್ತಿಯಾಗಿ ರದ್ದಾಯಿತು. ಅದಕ್ಕೂ ಕೆಳಗಿನವು ಹೀಬ್ರೂ ಅಕ್ಷರಗಳ ಕ್ರಮದಲ್ಲಿ ಅಲೆಫ್, ಬೇತ್, ಗಿಮೆಲ್ ಎಂದು ಕರೆಸಿಕೊಳ್ಳುತ್ತವೆ. ಆದ್ದರಿಂದ ಇಸ್ರೇಲಿನ ಹಳೆಯ ಅಂಕಪಟ್ಟಿಗಳನ್ನು ಓದುವವರು ಮೊದಲು ವರ್ಷವನ್ನೂ ಆಮೇಲೆ ಲೀಗಿನ ಹೆಸರನ್ನೂ ನೋಡಬೇಕು. 1964–65 ಮತ್ತು 1972–73ರ ಪ್ರಶಸ್ತಿಗಳು ದೇಶದ ಮೊದಲ ದರ್ಜೆಯವು. ಇವಲ್ಲದೆ 1969 ಮತ್ತು 1971ರಲ್ಲಿ ಹಕೋವಾ, ದೇಶದ ನಾಕೌಟ್ ಪಂದ್ಯಾವಳಿಯಾದ ಸ್ಟೇಟ್ ಕಪ್ಪನ್ನೂ ಗೆದ್ದಿದೆ.

ಉತ್ತರ 2: ಹಳೆಯ ಗೋಲಿ

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ವಿಯೆನ್ನಾದ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ. ‘ಹಕೋವಾ’ ಎಂದರೆ ‘ಶಕ್ತಿ’. 1909ರಲ್ಲಿ ವಿಯೆನ್ನಾದ ಯಹೂದಿಗಳು ಈ ಹೆಸರಿನ ಕ್ರೀಡಾ ಸಂಸ್ಥೆಯನ್ನು ಕಟ್ಟಿದರು. 1923ರಲ್ಲಿ ಅದರ ಫುಟ್‌ಬಾಲ್ ತಂಡ ಲಂಡನ್ನಿಗೆ ಹೋಗಿ ವೆಸ್ಟ್ ಹ್ಯಾಮ್ ತಂಡವನ್ನು 5–0ರಿಂದ ಸೋಲಿಸಿದ್ದು ನಿಜ. ವೆಸ್ಟ್ ಹ್ಯಾಮ್ ಆ ದಿನ ತನ್ನ ಮೀಸಲು ಆಟಗಾರರಲ್ಲಿ ಅನೇಕರನ್ನು ಕಣಕ್ಕಿಳಿಸಿತ್ತೆಂಬುದೂ ನಿಜ. ಎರಡನೆಯದನ್ನು ಅಜ್ಜನವರ ಮುಂದೆ ಹೇಳುವುದು ಬಿಡುವುದು ತಮ್ಮ ವಿವೇಚನೆಗೆ ಸೇರಿದ್ದು.

1924–25ರಲ್ಲಿ ಆಸ್ಟ್ರಿಯಾದ ಮೊದಲ ವೃತ್ತಿಪರ ಲೀಗ್ ನಡೆದಾಗ ಅದನ್ನು ಗೆದ್ದದ್ದು ಇದೇ ತಂಡ. ಬದಲಿ ಆಟಗಾರರನ್ನು ಇಳಿಸುವ ಪದ್ಧತಿ ಅಂದು ಇರಲಿಲ್ಲವಾದ್ದರಿಂದ, ನಿರ್ಣಾಯಕ ಪಂದ್ಯದಲ್ಲಿ ಕೈಗೆ ಪೆಟ್ಟು ಮಾಡಿಕೊಂಡ ಗೋಲಿ (ಗೋಲ್‌ಕೀಪರ್) ಶಾಂದೋರ್ ಫಾಬಿಯಾನ್ ಕೈಯನ್ನು ಜೋಲಿಯಲ್ಲಿ ಕಟ್ಟಿಕೊಂಡು ಮುನ್ಪಡೆಗೆ ಹೋಗಿ ಗೆಲುವಿನ ಗೋಲು ಹೊಡೆದನೆಂಬ ಪ್ರಸಂಗ ಪ್ರಸಿದ್ಧವಾಗಿದೆ. ನಾನೂ ಕಾಲೇಜಿನಲ್ಲಿ ಗೋಲಿಯಾಗಿದ್ದವನು, ಹೀಗಾಗಿ ಈ ಪ್ರಸಂಗವನ್ನು ಬಿಟ್ಟು ಮುಂದೆ ಹೋಗಲು ಮನಸ್ಸು ಬರಲಿಲ್ಲ. ಮುಂದೆ ಪೋರ್ಚುಗಲ್ಲಿನ ಬೆನ್ಫಿಕಾ ಕ್ಲಬ್ಬನ್ನು 1961 ಮತ್ತು 1962ರಲ್ಲಿ ಯುರೋಪಿನ ಚಾಂಪಿಯನ್ ಮಾಡಿದ ತರಬೇತುದಾರ ಬೇಲಾ ಗುಟ್‌ಮನ್ ಆ ತಂಡದ ಆಟಗಾರನಾಗಿದ್ದ.

ವಿಚಿತ್ರವೆಂದರೆ ತಂಡವನ್ನು ದುರ್ಬಲಗೊಳಿಸಿದ್ದು ಅದರ ಖ್ಯಾತಿಯೇ. 1926ರ ಅಮೆರಿಕ ಪ್ರವಾಸದಲ್ಲಿ ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್‌ನಲ್ಲಿ ಸುಮಾರು 46,000 ಜನ ಸೇರಿ ಆಟ ನೋಡಿದರು. ಒಳ್ಳೆಯ ಸಂಬಳವನ್ನೂ, ಯಹೂದಿ ಎಂಬ ಕಾರಣಕ್ಕೆ ಯಾರೂ ಬೈಯದ ಬೀದಿಗಳನ್ನೂ ಕಂಡ ಹಲವು ಆಟಗಾರರು ಅಲ್ಲಿಯೇ ನೆಲೆಸಿದರು. 1938ರಲ್ಲಿ ಆಸ್ಟ್ರಿಯಾ ನಾತ್ಸಿಗಳ ವಶವಾದಾಗ ಸಂಸ್ಥೆಯನ್ನೇ ಮುಚ್ಚಿಸಲಾಯಿತು. ಸ್ಥಾಪಕರಲ್ಲಿ ಒಬ್ಬನಾದ ಗೀತರಚನೆಕಾರ ಫ್ರಿಟ್ಜ್ ಲೋನರ್-ಬೇಡಾ 1942ರಲ್ಲಿ ನಾತ್ಸಿಗಳ ಆಶ್ವಿಟ್ಜ್ ಯಾತನಾ ಶಿಬಿರದಲ್ಲಿ ಕೊಲೆಯಾದ.

ಉತ್ತರ 3: ಅಂಕಪಟ್ಟಿ

ಗೋಲಿಯವರ ವಿವರಣೆಗೆ ಒಂದು ಎಚ್ಚರಿಕೆಯ ಮಾತನ್ನು ಸೇರಿಸುತ್ತೇನೆ. ರಾಮತ್ ಗಾನ್‌ನ ಕ್ಲಬ್ ಮತ್ತು ವಿಯೆನ್ನಾದ ಕ್ಲಬ್ ಒಂದೇ ಅಲ್ಲ. ವಿಯೆನ್ನಾದಿಂದ ವಲಸೆ ಬಂದವರು ಟೆಲ್ ಅವೀವ್‌ನಲ್ಲಿ ಅದೇ ಹೆಸರಿನ ತಂಡವನ್ನು ಕಟ್ಟಿಕೊಂಡರು. 1959ರಲ್ಲಿ ಆ ತಂಡ ಮಕಾಬಿ ರಾಮತ್ ಗಾನ್‌ನೊಂದಿಗೆ ವಿಲೀನವಾದಾಗ ಹುಟ್ಟಿದ್ದು ಅಜ್ಜನವರ ಹಕೋವಾ. ವಿಯೆನ್ನಾದ ಮೂಲ ಸಂಸ್ಥೆ ಯುದ್ಧದ ನಂತರ ಬೇರೆಯಾಗಿಯೇ ಮತ್ತೆ ತಲೆಯೆತ್ತಿತು, 2008ರಲ್ಲಿ ಹೊಸ ಕ್ರೀಡಾ ಕೇಂದ್ರವನ್ನೂ ತೆರೆಯಿತು. ಆದ್ದರಿಂದ 1925ರ ಪ್ರಶಸ್ತಿಯನ್ನು ರಾಮತ್ ಗಾನ್‌ನ ಲೆಕ್ಕಕ್ಕೆ ಬರೆಯುವುದು ತಪ್ಪಾಗುತ್ತದೆ.

ಉತ್ತರ 4: ಸೈಡ್‌ಲೈನ್

ಇಳಿದದ್ದು ಹೇಗೆ ಎಂಬ ಪ್ರಶ್ನೆಗೆ ಯಾರೂ ಬರಲಿಲ್ಲವಾದ್ದರಿಂದ ನನ್ನ ಅಭಿಪ್ರಾಯವನ್ನು ಬರೆಯುತ್ತೇನೆ. ಇಸ್ರೇಲಿನ ಕ್ಲಬ್‌ಗಳ ಹೆಸರಿನಲ್ಲಿಯೇ ರಾಜಕೀಯ ಅಡಗಿತ್ತು. ‘ಹಪೋಯೆಲ್’ ಎಂದರೆ ಕಾರ್ಮಿಕ, ಅದರ ಹಿಂದೆ ಹಿಸ್ತಾದ್ರುತ್ ಎಂಬ ಕಾರ್ಮಿಕ ಒಕ್ಕೂಟವಿತ್ತು, ಬೇತಾರ್ ಬಲಪಂಥೀಯರದ್ದು, ಮಧ್ಯಮ ವರ್ಗದವರು ಮಕಾಬಿಯ ಕಡೆಗಿದ್ದರು. ವಿಲೀನದಿಂದಾಗಿ ಹಕೋವಾ ಮಕಾಬಿ ಬಳಗಕ್ಕೆ ಸೇರಿತಾದರೂ, ಆ ಬಳಗದ ದೈತ್ಯ ಮಕಾಬಿ ಟೆಲ್ ಅವೀವ್ ಪಕ್ಕದ ಊರಿನಲ್ಲಿಯೇ ಇತ್ತು. ಸಾಲದ್ದಕ್ಕೆ ಊರೊಳಗೇ ಹಪೋಯೆಲ್ ರಾಮತ್ ಗಾನ್ ಎಂಬ ಪ್ರತಿಸ್ಪರ್ಧಿಯಿತ್ತು. 1964ರಲ್ಲಿ, ಆಗಷ್ಟೇ ಬಡ್ತಿ ಪಡೆದು ಬಂದಿದ್ದ ಹಪೋಯೆಲ್ ಚಾಂಪಿಯನ್ ಆಯಿತು, ಮರುವರ್ಷ ಹಕೋವಾ. ಒಂದೇ ಚಿಕ್ಕ ಊರಿಗೆ ಸಾಲಾಗಿ ಎರಡು ವರ್ಷ, ಎರಡು ಬೇರೆ ತಂಡಗಳಿಂದ ಪ್ರಶಸ್ತಿ ಬಂದಿತು. ಮಹಾನಗರದ ಮಗ್ಗುಲಲ್ಲಿ ಎರಡು ತಂಡಗಳನ್ನು ಬಹುಕಾಲ ಮೇಲ್ಮಟ್ಟದಲ್ಲಿ ಸಾಕುವಷ್ಟು ಪ್ರೇಕ್ಷಕರು ಅಂಥ ಊರಿನಲ್ಲಿ ಇರುವುದು ಕಷ್ಟ ಎಂಬುದು ನನ್ನ ಗ್ರಹಿಕೆ.

ಆಮೇಲೆ ರಾಮತ್ ಅಮಿದಾರ್ ಬಡಾವಣೆಯ ಮಕಾಬಿ ತಂಡವೂ ಸೇರಿಕೊಂಡು ಕ್ಲಬ್ಬು ‘ಹಕೋವಾ ಅಮಿದಾರ್’ ಆಯಿತು. ಅಮಿದಾರ್ ಎಂಬುದು ವಲಸಿಗರಿಗೆ ಮನೆ ಕೊಟ್ಟ ಸರ್ಕಾರಿ ವಸತಿ ಕಂಪನಿಯ ಹೆಸರು. 2008ರಲ್ಲಿ ತಂಡ ಮತ್ತೆ ಅತ್ಯುನ್ನತ ವಿಭಾಗಕ್ಕೆ ಏರಿತು, ಆದರೆ ಒಂದೇ ಋತುವಿನಲ್ಲಿ ಹಿಂಬಡ್ತಿ ಪಡೆಯಿತು. ಮರುವರ್ಷ ಆ ವಿಭಾಗದ ತಂಡಗಳ ಸಂಖ್ಯೆಯನ್ನು 12ರಿಂದ 16ಕ್ಕೆ ಹೆಚ್ಚಿಸಿದರೂ ಹಕೋವಾಗೆ ಅದರಲ್ಲಿ ಜಾಗ ಸಿಗಲಿಲ್ಲ; ಹಪೋಯೆಲ್ ರಾಮತ್ ಗಾನ್‌ಗೆ ಸಿಕ್ಕಿತು. ಆ ಹಪೋಯೆಲ್‌ನದೂ ಸುಖದ ಕಥೆಯಲ್ಲ. 2003ರಲ್ಲಿ ಎರಡನೆಯ ವಿಭಾಗದಲ್ಲಿದ್ದುಕೊಂಡೇ ಅದು ಸ್ಟೇಟ್ ಕಪ್ ಗೆದ್ದಿತು. 2013ರಲ್ಲಿಯೂ ಕಪ್ ಗೆದ್ದಿತು, ಅದೇ ಋತುವಿನಲ್ಲಿ ಹಿಂಬಡ್ತಿಯನ್ನೂ ಪಡೆಯಿತು.

ಮರುನುಡಿ: ಕರಾವಳಿಯವನು

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಎಲ್ಲವನ್ನೂ ನನ್ನ ಹರುಕುಮುರುಕು ಹೀಬ್ರೂವಿನಲ್ಲಿ ಓದಿ ಹೇಳಿದೆ. 1999ರ ವಿಷಯ ಬಂದಾಗ ಮೊಮ್ಮಗ ಸುಮ್ಮನಾದ. ವೆಸ್ಟ್ ಹ್ಯಾಮ್‌ನ ಮೀಸಲು ಆಟಗಾರರ ಸಂಗತಿಯನ್ನು ಗೋಲಿ ಸರ್ ಸೂಚಿಸಿದಂತೆ ಬಿಟ್ಟುಬಿಟ್ಟೆ. ಆದರೂ ಅಜ್ಜನವರಿಗೆ ನಮ್ಮ ಚರ್ಚೆಯ ಮೇಲೆ ಒಂದು ಆಕ್ಷೇಪಣೆಯಿದೆ: ಹಕೋವಾದ ಬಗ್ಗೆ ಕೇಳಿದ ಪ್ರಶ್ನೆಗೆ ಹಪೋಯೆಲ್‌ನ ಎರಡು ಕಪ್‌ಗಳನ್ನು ಎಣಿಸಿ ಹೇಳುವ ಅಗತ್ಯ ಏನಿತ್ತು ಎಂದು ಸೈಡ್‌ಲೈನ್ ಅವರನ್ನು ಕೇಳಲು ಹೇಳಿದ್ದಾರೆ.